ಹೈಬ್ರಿಡ್ ಕಾರಿನ ಟೈರು: ಮರಳುವ ಶಕ್ತಿ, ಮರಳದ ಶಕ್ತಿ

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಕಾರ್ಕಳದಿಂದ ನನಗೊಂದು ದೂರವಾಣಿ ಕರೆ ಬಂತು. ಮಾತನಾಡಿದವರು ನನ್ನ ಹಳೆಯ ವಿದ್ಯಾರ್ಥಿ, ಈಗ ಪದವಿಪೂರ್ವ ಕಾಲೇಜೊಂದರಲ್ಲಿ ಭೌತವಿಜ್ಞಾನದ ಅಧ್ಯಾಪಕರು. ಅವರ ಮನೆಯಲ್ಲಿ ಒಂದು ಹೈಬ್ರಿಡ್ ಕಾರಿದೆ. ಅವರ ಪತ್ನಿ ಪ್ರತಿದಿನ ಅದರಲ್ಲಿ ಬೈಲೂರು, ಹಿರಿಯಡ್ಕ, ಪರ್ಕಳ ಹಾದು ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಾರೆ. ಭಾನುವಾರ ಕಾಪುವಿನ ತಾಯಿಮನೆಗೂ ಅದೇ ಕಾರು. ಸುಮಾರು 45,000 ಕಿ.ಮೀ. ಓಡಿದ ಟೈರುಗಳು ಸವೆದಿದ್ದವು. ಹೊಸ ಟೈರು ಕೇಳಲು ಹೋದಾಗ ಅಂಗಡಿಯವರು, "ಟೈರೊಂದೇ ಏಕೆ? 17 ಇಂಚಿನ ಗಾಲಿ ತೆಗೆದು 18 ಇಂಚಿನ ಅಲಾಯ್ ಹಾಕಿಸಿ. ನೋಡಲು ಚೆನ್ನ, ತೂಕ ಕಡಿಮೆ, ಮೈಲೇಜೂ ಹೆಚ್ಚು" ಎಂದರಂತೆ. "ಸರ್, ಗಾಲಿಯಲ್ಲಿ ಒಂದು ಕಿಲೋ ಉಳಿಸಿದರೆ ಕಾರಿನಲ್ಲಿ ಹತ್ತು ಕಿಲೋ ಉಳಿಸಿದಂತೆ ಎನ್ನುತ್ತಾರೆ. ನಿಜವೇ?" ಎಂಬುದು ನನ್ನ ವಿದ್ಯಾರ್ಥಿಯ ಪ್ರಶ್ನೆ.

ಪದವಿಪೂರ್ವ ತರಗತಿಯ ಯಂತ್ರಶಾಸ್ತ್ರವನ್ನು ಬಲ್ಲವರು ಯಾರೇ ಆದರೂ ಕಾಗದ, ಪೆನ್ಸಿಲು ಹಿಡಿದು ಉತ್ತರಿಸಬಹುದಾದ ಪ್ರಶ್ನೆ ಇದು. ಅಂದು ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಹೈಬ್ರಿಡ್ ಕಾರಿನ ವಿಶೇಷ

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಸೇರಿ ಓಡಿಸುವ ಕಾರು ಹೈಬ್ರಿಡ್. ಭಾರತದಲ್ಲಿ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್, 2010ರಲ್ಲಿ ಟೊಯೊಟ ಪ್ರಿಯಸ್ ಮಾರಾಟಕ್ಕೆ ಬಂದವಾದರೂ ಅವು ಬಹಳ ದುಬಾರಿಯಾಗಿದ್ದವು. ಮಧ್ಯಮ ವರ್ಗದವರ ಅಂಗಳಕ್ಕೆ ಈ ತಂತ್ರ ಬಂದದ್ದು 2022ರಲ್ಲಿ, ನಮ್ಮದೇ ಬಿಡದಿಯ ಕಾರ್ಖಾನೆಯಿಂದ ಟೊಯೊಟ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರ ಹೊರಬಂದ ಮೇಲೆ. ಈ ಜೋಡಿಯ ಪ್ರಬಲ ಹೈಬ್ರಿಡ್ ಮಾದರಿಯಲ್ಲಿ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ನಿಗೆ ಮೋಟಾರು ಜೊತೆಯಾಗಿದೆ. ಬ್ಯಾಟರಿ ಚಿಕ್ಕದು, ಕೇವಲ 0.76 ಕಿಲೋವಾಟ್-ಗಂಟೆ, ಅಂದರೆ ಸುಮಾರು 2,700 ಕಿಲೋಜೌಲ್. ಕಾರಿನ ತೂಕ ಸುಮಾರು 1,300 ಕಿ.ಗ್ರಾಂ. ಪ್ರಯೋಗಾಲಯದ ಪರೀಕ್ಷೆಯಲ್ಲಿ ದಾಖಲಾದ ಮೈಲೇಜು ಲೀಟರಿಗೆ 27.97 ಕಿ.ಮೀ.

ಸಾಮಾನ್ಯ ಕಾರಿನಲ್ಲಿ ಬ್ರೇಕು ಒತ್ತಿದಾಗ ಚಲನಶಕ್ತಿಯೆಲ್ಲ ಬ್ರೇಕಿನ ತಟ್ಟೆಗಳಲ್ಲಿ ಉಷ್ಣವಾಗಿ ಹೋಗುತ್ತದೆ. ಹೈಬ್ರಿಡ್ ಕಾರಿನಲ್ಲಿ ಬ್ರೇಕು ಒತ್ತಿದಾಗ ಮೋಟಾರು ಡೈನಮೋ ಆಗಿ ತಿರುಗಿ ಆ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಇದು ಪುನರುತ್ಪಾದಕ ಬ್ರೇಕು. ಆದ್ದರಿಂದ ಹೈಬ್ರಿಡ್ ಕಾರಿನ ಖರ್ಚುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ವೇಗ ಪಡೆಯಲು, ಗುಡ್ಡ ಏರಲು ವ್ಯಯಿಸಿದ ಶಕ್ತಿ. ಇದರಲ್ಲಿ ಒಂದು ಪಾಲು ಮರಳಿ ಬರುತ್ತದೆ. ಎರಡನೆಯದು ಗಾಳಿಯನ್ನು ಸೀಳಲು ಮತ್ತು ಟೈರನ್ನು ಉರುಳಿಸಲು ವ್ಯಯಿಸಿದ ಶಕ್ತಿ. ಇದು ಎಂದೂ ಮರಳುವುದಿಲ್ಲ. ಗಾಲಿಯ ತೂಕ ಮೊದಲನೆಯ ಪಟ್ಟಿಗೆ ಸೇರುತ್ತದೆ, ಟೈರಿನ ಗುಣ ಎರಡನೆಯದಕ್ಕೆ. ಈ ಒಂದು ಭೇದವನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಗೊಂದಲ ತಾನಾಗಿ ಪರಿಹಾರವಾಗುತ್ತದೆ.

ಉರುಳುವ ಟೈರು ಶಕ್ತಿಯನ್ನು ನುಂಗುವುದೇಕೆ?

ಉರುಳುವ ಚಕ್ರಕ್ಕೂ ರೋಧವಿದೆ ಎಂಬುದು ಹಳೆಯ ತಿಳಿವು. ಕೂಲಂಬ್ 18ನೆಯ ಶತಮಾನದಲ್ಲಿ ಅದನ್ನು ಅಳೆದಿದ್ದ. ಆಸ್ಬೋರ್ನ್ ರೆನಾಲ್ಡ್ಸ್ 1876ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದ. ರಬ್ಬರ್ ಟೈರಿನಲ್ಲಿ ಈ ರೋಧಕ್ಕೆ ಮುಖ್ಯ ಕಾರಣ ನೆಲದೊಂದಿಗಿನ ಉಜ್ಜಾಟವಲ್ಲ, ರಬ್ಬರಿನ ಒಳಗಣ ನಷ್ಟ. ಕಾರಿನ ಭಾರಕ್ಕೆ ಟೈರಿನ ತಳ ಅಂಗೈಯಗಲ ಚಪ್ಪಟೆಯಾಗುತ್ತದೆ. ಚಕ್ರ ತಿರುಗಿದಂತೆ ಟೈರಿನ ಪ್ರತಿಯೊಂದು ಭಾಗವೂ ಸರದಿಯಂತೆ ಬಾಗಿ, ಅದುಮಿ, ಮತ್ತೆ ನೆಟ್ಟಗಾಗುತ್ತದೆ. ಅದುಮಲು ವ್ಯಯಿಸಿದ ಶಕ್ತಿಯನ್ನು ರಬ್ಬರು ಪೂರ್ಣವಾಗಿ ಹಿಂದಿರುಗಿಸುವುದಿಲ್ಲ. ಒಂದು ಅಂಶ ಉಷ್ಣವಾಗಿ ಉಳಿಯುತ್ತದೆ. ಇದೇ ಹಿಸ್ಟರಿಸಿಸ್ ನಷ್ಟ. ದೂರ ಓಡಿ ಬಂದ ಕಾರಿನ ಟೈರನ್ನು ಮುಟ್ಟಿದರೆ ಅದು ಬಿಸಿಯಾಗಿರುವುದಕ್ಕೆ ಇದೇ ಕಾರಣ.

ಈ ರೋಧವನ್ನು ಒಂದು ಸಂಖ್ಯೆಯಿಂದ ಸೂಚಿಸುತ್ತಾರೆ: ಉರುಳು ರೋಧಾಂಕ. ಒಂದು ಟನ್ ಭಾರ ಹೊತ್ತ ಟೈರನ್ನು ಉರುಳಿಸಲು ಎಷ್ಟು ಕಿಲೋಗ್ರಾಂ-ಭಾರದ ಬಲ ಬೇಕು ಎಂಬುದೇ ಆ ಸಂಖ್ಯೆ. ಸಾಧಾರಣ ಟೈರಿಗೆ 9 ಎಂದಿಟ್ಟುಕೊಳ್ಳೋಣ, ಅತ್ಯುತ್ತಮ ಟೈರಿಗೆ 6.5. ಜನರೂ ಸೇರಿ 1,500 ಕಿ.ಗ್ರಾಂ ತೂಗುವ ಕಾರಿಗೆ ಮೊದಲನೆಯದರಲ್ಲಿ 132 ನ್ಯೂಟನ್, ಎರಡನೆಯದರಲ್ಲಿ 96 ನ್ಯೂಟನ್ ರೋಧ. ವೇಗ ಗಂಟೆಗೆ 80 ಕಿ.ಮೀ. ಇದ್ದಾಗ 132 ನ್ಯೂಟನ್ ಎಂದರೆ ಸುಮಾರು 2.9 ಕಿಲೋವಾಟ್. ಒಂದು ಕಿಲೋವಾಟಿನ ಮೂರು ನೀರು ಕಾಯಿಸುವ ಕಾಯಿಲುಗಳು ನಾಲ್ಕು ಟೈರುಗಳೊಳಗೆ ಸತತವಾಗಿ ಉರಿಯುತ್ತಿರುವಂತೆ!

ಗಾಳಿಯ ರೋಧ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಇಂಥ ಕಾರಿಗೆ 80 ಕಿ.ಮೀ. ವೇಗದಲ್ಲಿ ಅದು ಸುಮಾರು 240 ನ್ಯೂಟನ್, 40 ಕಿ.ಮೀ. ವೇಗದಲ್ಲಿ ಕೇವಲ 60 ನ್ಯೂಟನ್. ಉರುಳು ರೋಧ ಮಾತ್ರ ಎರಡು ವೇಗಗಳಲ್ಲೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಹೆದ್ದಾರಿಯಲ್ಲಿ ಗಾಳಿ ದೊಡ್ಡ ಶತ್ರು, ಊರೊಳಗಿನ ರಸ್ತೆಯಲ್ಲಿ ಟೈರು. ಹೈಬ್ರಿಡ್ ಕಾರು ತನ್ನ ಜಾಣ್ಮೆಯನ್ನು ತೋರುವುದು ಊರೊಳಗೇ ತಾನೆ?

ಮಣಿಪಾಲದ ಇಳಿಜಾರು

ಇದನ್ನು ನಮ್ಮ ಊರಿನ ರಸ್ತೆಯಲ್ಲೇ ಪರೀಕ್ಷಿಸೋಣ. ಮಣಿಪಾಲ ಒಂದು ಕೆಂಪುಕಲ್ಲಿನ ಗುಡ್ಡದ ಮೇಲಿದೆ, ಸಮುದ್ರಮಟ್ಟದಿಂದ ಸುಮಾರು 70 ಮೀಟರ್ ಎತ್ತರದಲ್ಲಿ. ಅಲ್ಲಿಂದ ಇಂದ್ರಾಳಿ ಹಾದು ಉಡುಪಿಯ ಕಲ್ಸಂಕದ ಕಡೆಗೆ ಇಳಿಯುವಾಗ, ಲೆಕ್ಕದ ಅನುಕೂಲಕ್ಕಾಗಿ, 4 ಕಿ.ಮೀ. ದೂರದಲ್ಲಿ 60 ಮೀಟರ್ ಇಳಿದೆವು ಎಂದುಕೊಳ್ಳಿ. ವೇಗ ಒಂದೇ ಸಮನೆ 40 ಕಿ.ಮೀ. ಇರಲಿ.

ಇಳಿದಾಗ ದೊರೆಯುವ ಸ್ಥಾನಶಕ್ತಿ 1,500 × 9.8 × 60, ಅಂದರೆ 882 ಕಿಲೋಜೌಲ್. ಇದರಲ್ಲಿ ಗಾಳಿಯ ಪಾಲು 240 ಕಿಲೋಜೌಲ್. ರೋಧಾಂಕ 9 ಇರುವ ಟೈರು ತೆಗೆದುಕೊಳ್ಳುವುದು 529. ಹಾಗಾಗಿ ಮೋಟಾರಿನ ಮೂಲಕ ಬ್ಯಾಟರಿಯತ್ತ ಹೋಗಲು ಉಳಿಯುವುದು 113 ಕಿಲೋಜೌಲ್. ರೋಧಾಂಕ 6.5 ಇರುವ ಟೈರು ತೆಗೆದುಕೊಳ್ಳುವುದು 382 ಮಾತ್ರ. ಆಗ ಉಳಿಯುವುದು 260 ಕಿಲೋಜೌಲ್. ಪರಿವರ್ತನೆಯಲ್ಲಾಗುವ ನಷ್ಟ ಎರಡೂ ಕಡೆ ಇದೆ, ಅದನ್ನು ಬದಿಗಿಡೋಣ. ಟೈರನ್ನು ಬದಲಾಯಿಸಿದ ಮಾತ್ರಕ್ಕೆ ಅದೇ ಇಳಿಜಾರು ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಮರಳಿಸಿತು! ಪುನರುತ್ಪಾದಕ ಬ್ರೇಕು ಎಷ್ಟೇ ಸಮರ್ಥವಾಗಿರಲಿ, ಟೈರು ನುಂಗಿ ಉಳಿಸಿದ್ದಷ್ಟೇ ಅದಕ್ಕೆ ಸಿಗುವುದು.

ಆಗುಂಬೆ ಘಾಟಿಯ ಲೆಕ್ಕ ಬೇರೆ. ಅಲ್ಲಿ ಇಳಿಯುವ ಎತ್ತರ ಸುಮಾರು 500 ಮೀಟರ್, ಸ್ಥಾನಶಕ್ತಿ 7,000 ಕಿಲೋಜೌಲಿಗೂ ಹೆಚ್ಚು. ಪುಟ್ಟ ಬ್ಯಾಟರಿ ಅದನ್ನೆಲ್ಲ ಹಿಡಿದಿಡಲಾರದು. ಅರ್ಧ ದಾರಿಗೇ ಅದು ತುಂಬುತ್ತದೆ, ಮುಂದೆ ಎಂಜಿನ್ನಿನ ತಡೆ ಮತ್ತು ಮಾಮೂಲಿ ಬ್ರೇಕುಗಳೇ ಗತಿ. ಅಲ್ಲಿ ಮೈಲೇಜಿಗಿಂತ ಟೈರಿನ ಹಿಡಿತ ಮುಖ್ಯ.

ಗಾಲಿಯ ತೂಕ: ಒಂದಕ್ಕೆ ಹತ್ತೇ?

ಈಗ ಅಧ್ಯಾಪಕರು ಕೇಳಿದ ಪ್ರಶ್ನೆಗೆ ಬರೋಣ. ಉರುಳುವ ಗಾಲಿಗೆ ಎರಡು ಚಲನೆಗಳಿವೆ. ಅದು ಕಾರಿನೊಂದಿಗೆ ಮುಂದೆ ಸಾಗುತ್ತದೆ, ಜೊತೆಗೆ ತನ್ನ ಅಕ್ಷದ ಸುತ್ತ ತಿರುಗುತ್ತದೆ. ಒಟ್ಟು ಚಲನಶಕ್ತಿಯನ್ನು ಬರೆದರೆ, ಗಾಲಿಯ ದ್ರವ್ಯರಾಶಿ (1 + ಕೆ) ಪಟ್ಟು ಹೆಚ್ಚಿದಂತೆ ವರ್ತಿಸುತ್ತದೆ. ಇಲ್ಲಿ 'ಕೆ' ಎಂಬುದು ಪರಿಭ್ರಮಣ ತ್ರಿಜ್ಯವನ್ನು ಟೈರಿನ ಹೊರತ್ರಿಜ್ಯದಿಂದ ಭಾಗಿಸಿ ವರ್ಗ ಮಾಡಿದ ಬೆಲೆ. ದ್ರವ್ಯವೆಲ್ಲ ಟೈರಿನ ಹೊರ ಅಂಚಿನಲ್ಲೇ ಇದ್ದರೂ 'ಕೆ'ಯ ಬೆಲೆ 1ನ್ನು ಮೀರದು. ಆದ್ದರಿಂದ ಒಂದು ಕಿಲೋ ಎಂದಿಗೂ ಎರಡು ಕಿಲೋಗಿಂತ ಹೆಚ್ಚಾಗಿ ವರ್ತಿಸಲಾರದು. ಹತ್ತರ ಮಾತು ಅಲ್ಲಿಗೇ ಬಿತ್ತು.

ಲೋಹದ ಗಾಲಿ ಟೈರಿನ ಒಳಗಿದೆ. ಅದರ ಪರಿಭ್ರಮಣ ತ್ರಿಜ್ಯ 18 ಸೆಂ.ಮೀ., ಟೈರಿನ ಹೊರತ್ರಿಜ್ಯ 34 ಸೆಂ.ಮೀ. ಎಂದುಕೊಂಡರೆ ಕೆ = 0.28. ಅಂದರೆ ಗಾಲಿಯ ಒಂದು ಕಿಲೋ ಸುಮಾರು 1.3 ಕಿಲೋಗೆ ಸಮ. ಹೊರಗಿರುವ ಟೈರಿನ ಒಂದು ಕಿಲೋ ಸುಮಾರು 1.8 ಕಿಲೋಗೆ ಸಮ. ತಮಾಷೆಯೆಂದರೆ ಗಾಲಿಯ ತೂಕ ಕೇಳುವವರಲ್ಲಿ ಟೈರಿನ ತೂಕ ಕೇಳುವವರನ್ನು ನಾನು ಕಂಡಿಲ್ಲ.

ಹಗುರ ಗಾಲಿಗಳಿಂದ ತಲಾ 2 ಕಿಲೋ, ಒಟ್ಟು 8 ಕಿಲೋ ಉಳಿಸಿದೆವು ಎನ್ನಿ. ಪರಿಣಾಮದಲ್ಲಿ ಅದು ಸುಮಾರು 10 ಕಿಲೋ. ಕಾರು ನಿಂತಲ್ಲಿಂದ 50 ಕಿ.ಮೀ. ವೇಗಕ್ಕೆ ಏರಲು ಬೇಕಾದ ಚಲನಶಕ್ತಿ 145 ಕಿಲೋಜೌಲ್. ಅದರಲ್ಲಿ ನಮ್ಮ ಉಳಿತಾಯ ಒಂದು ಕಿಲೋಜೌಲ್. ಹೈಬ್ರಿಡ್ ಕಾರಿನಲ್ಲಿ ಆ ಒಂದರಲ್ಲೂ ಒಂದು ಪಾಲು ಬ್ರೇಕು ಒತ್ತಿದಾಗ ಹೇಗೂ ಮರಳಿ ಬರುತ್ತಿತ್ತು! ಇತ್ತ ಟೈರಿನ ರೋಧಾಂಕ 9ರಿಂದ 6.5ಕ್ಕೆ ಇಳಿದರೆ ಪ್ರತಿ ಕಿಲೋಮೀಟರಿಗೆ 36 ಕಿಲೋಜೌಲ್ ಉಳಿಯುತ್ತದೆ. ಕಿಲೋಮೀಟರಿಗೆ ಐದು ಸಲ ನಿಂತು ಹೊರಟರೂ ಗಾಲಿಯಿಂದಾಗುವ ಉಳಿತಾಯ ಟೈರಿನದರ ಏಳನೆಯ ಒಂದು ಭಾಗ ಮಾತ್ರ.

ಹಗುರ ಗಾಲಿಯಿಂದ ಪ್ರಯೋಜನವೇ ಇಲ್ಲವೆಂದಲ್ಲ. ಸ್ಪ್ರಿಂಗಿನ ಕೆಳಗಿನ ಭಾರ ಕಡಿಮೆಯಾದರೆ ಗುಂಡಿಗಳ ಮೇಲೆ ಹೋಗುವಾಗ ಟೈರು ನೆಲವನ್ನು ಬಿಡದೆ ಹಿಂಬಾಲಿಸುತ್ತದೆ. ಪ್ರಯಾಣ ಹಿತವಾಗುತ್ತದೆ. ಅದು ಬೇರೆ ಲಾಭ, ಮೈಲೇಜಿನ ಹೆಸರಿನಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ.

ದೊಡ್ಡ ಗಾಲಿ ಹಾಕಿದರೆ

ಅಂಗಡಿಯವರು ಸೂಚಿಸಿದ 18 ಇಂಚಿನ ಗಾಲಿ ಹಗುರವೂ ಆಗಿರುವುದು ಅಪರೂಪ. ಒಂದೇ ವಿಧಾನದಲ್ಲಿ ಎರಕ ಹೊಯ್ದ ಗಾಲಿಗಳಲ್ಲಿ ವ್ಯಾಸ ಹೆಚ್ಚಿದಂತೆ ತೂಕವೂ ಹೆಚ್ಚುತ್ತದೆ, ಆ ತೂಕ ಕೇಂದ್ರದಿಂದ ದೂರಕ್ಕೂ ಸರಿಯುತ್ತದೆ. ಸಾಮಾನ್ಯವಾಗಿ ಟೈರು ಅಗಲವಾಗುತ್ತದೆ, ಗಾಳಿಯ ರೋಧವೂ ಹೆಚ್ಚುತ್ತದೆ. ಕಡ್ಡಿಗಳ ನಡುವೆ ದೊಡ್ಡ ಕಿಂಡಿಗಳಿರುವ ಗಾಲಿ ಫ್ಯಾನಿನಂತೆ ಗಾಳಿಯನ್ನು ಕಡೆಯುತ್ತದೆ. ಹಳೆಯ ಪ್ರಿಯಸ್ ಕಾರುಗಳಲ್ಲಿ ಅಲಾಯ್ ಗಾಲಿಯ ಮೇಲೂ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದು ಈ ಕಾರಣಕ್ಕೇ.

ಇದಕ್ಕೆ ಒಂದು ಒಳ್ಳೆಯ ನಿದರ್ಶನ ಅಮೆರಿಕದಲ್ಲಿ ಮಾರಾಟವಾದ 2023ರ ಪ್ರಿಯಸ್. ಎಂಜಿನ್, ಮೋಟಾರು ಒಂದೇ. ಮೂಲ ಮಾದರಿಗೆ 17 ಇಂಚಿನ ಗಾಲಿ, ಮೇಲಿನ ಮಾದರಿಗಳಿಗೆ 19 ಇಂಚು. ಅಲ್ಲಿನ ಸರ್ಕಾರಿ ಸಂಸ್ಥೆ ನಿಗದಿಪಡಿಸಿದ ಮೈಲೇಜು ಮೊದಲನೆಯದಕ್ಕೆ ಗ್ಯಾಲನಿಗೆ 57 ಮೈಲಿ, ಎರಡನೆಯದಕ್ಕೆ 52. ನಮ್ಮ ಲೆಕ್ಕದಲ್ಲಿ ಲೀಟರಿಗೆ 24.2 ಮತ್ತು 22.1 ಕಿ.ಮೀ. ಮೇಲಿನ ಮಾದರಿಗಳ ತೂಕ ತುಸು ಹೆಚ್ಚಿರುವುದೂ ಇದರಲ್ಲಿ ಸೇರಿದೆ. ಆದರೂ ಗಾಲಿ-ಟೈರುಗಳ ಪಾತ್ರ ದೊಡ್ಡದು.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಕಾರಿನ ಮೂಲ ಟೈರು 215/60 ಆರ್ 17. ಅಂದರೆ ಅಗಲ 215 ಮಿ.ಮೀ., ಬದಿಯ ಎತ್ತರ ಅಗಲದ ಶೇ. 60, ಗಾಲಿ 17 ಇಂಚು. ಟೈರಿನ ಹೊರವ್ಯಾಸ 690 ಮಿ.ಮೀ. ಅಂಗಡಿಯವರು ಹೇಳಿದ 225/55 ಆರ್ 18 ಟೈರಿನ ವ್ಯಾಸ 705 ಮಿ.ಮೀ., ಶೇ. 2.2ರಷ್ಟು ಹೆಚ್ಚು. ಕಾರಿನ ದೂರಮಾಪಕ ಎಣಿಸುವುದು ಚಕ್ರದ ಸುತ್ತುಗಳನ್ನೇ. ಹಾಗಾಗಿ ಹೊಸ ಟೈರು ಹಾಕಿದ ಮೇಲೆ ನಿಜವಾಗಿ 22 ಕಿ.ಮೀ. ಓಡಿದ್ದನ್ನು ಮಾಪಕ 21.5 ಎಂದು ತೋರಿಸುತ್ತದೆ. ಗಾಲಿಯ ಅಳತೆ ಬದಲಿಸಿದವರು ಮೈಲೇಜು ಹೋಲಿಸುವಾಗ ಮೊದಲು ಈ ತಿದ್ದುಪಡಿ ಮಾಡಿಕೊಳ್ಳಬೇಕು. ವೇಗಮಾಪಕಕ್ಕೂ ಇದೇ ಮಾತು. ಮುಳ್ಳು ತೋರುವುದಕ್ಕಿಂತ ಕಾರು ವೇಗವಾಗಿ ಹೋಗುತ್ತಿರುತ್ತದೆ.

ಕಾಪುವಿನ ಮಳೆ

ಇಷ್ಟನ್ನೇ ಕೇಳಿದರೆ, ಉರುಳು ರೋಧ ಅತಿ ಕಡಿಮೆ ಇರುವ ಟೈರು ಕೊಂಡರೆ ಮುಗಿಯಿತು ಎನ್ನಿಸಬಹುದು. ಹಾಗಲ್ಲ. ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ.

ಟೈರು ಸವೆದಂತೆ ಬಾಗಿ ಏಳುವ ರಬ್ಬರು ಕಡಿಮೆಯಾಗುತ್ತದೆ, ಉರುಳು ರೋಧವೂ ಇಳಿಯುತ್ತದೆ. ಪೂರ್ಣ ಸವೆದ ಟೈರಿನ ರೋಧ ಹೊಸದಕ್ಕಿಂತ ಸುಮಾರು ಐದನೆಯ ಒಂದು ಭಾಗ ಕಡಿಮೆ ಇರಬಹುದು. ಕೆಲವು ವರ್ಷಗಳ ಹಿಂದೆ, "ಈಗಲೇ ಒಳ್ಳೆಯ ಮೈಲೇಜು ಬರುತ್ತಿದೆ, ಮಳೆಗಾಲ ಕಳೆಯಲಿ" ಎಂದು ನನ್ನ ಹಳೆಯ ಕಾರಿನ ಸವೆದ ಟೈರುಗಳನ್ನು ಹಾಗೇ ಬಿಟ್ಟಿದ್ದೆ. ಜುಲೈ ತಿಂಗಳ ಒಂದು ಸಂಜೆ ಕಾಪುವಿನಿಂದ ಕಟಪಾಡಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುತ್ತಿದ್ದೆ. ಪಾಂಗಾಳದ ಬಳಿ ರಸ್ತೆಯ ಮೇಲೆ ನೀರು ಹಾಳೆಯಂತೆ ನಿಂತಿತ್ತು. ಒಮ್ಮೆಲೇ ಸ್ಟಿಯರಿಂಗ್ ಹಗುರವಾಯಿತು. ತಿರುಗಿಸಿದರೂ ಕಾರು ತಿರುಗಲಿಲ್ಲ. ಎರಡು ಸೆಕೆಂಡುಗಳಿರಬಹುದು, ಕಾರು ಮತ್ತೆ ನೆಲ ಹಿಡಿಯಿತು. ಪಕ್ಕದಲ್ಲಿ ಕುಳಿತಿದ್ದ ಮಗಳಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿದಿತ್ತು.

ಆದದ್ದು ಜಲತೇಲುವಿಕೆ. ಟೈರಿನ ಅಚ್ಚಿನ ಸಾಲುಗಳು ನೀರನ್ನು ಹೊರಕ್ಕೆ ಹಾಯಿಸಲಾರದಾದಾಗ ಟೈರಿನ ಮುಂದೆ ನೀರಿನ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಅದು ಟೈರಿನ ಒಳ ಒತ್ತಡಕ್ಕೆ ಸಮನಾದಾಗ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ವಿಮಾನಗಳ ಟೈರುಗಳನ್ನು ಅಭ್ಯಸಿಸಿದ ನಾಸಾದ ಹೋರ್ನ್ ಮತ್ತು ಡ್ರೆಹರ್ 1963ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ನಮ್ಮ ಮಾನಗಳಲ್ಲಿ ಬರೆದರೆ, ತೇಲುವ ವೇಗ ಗಂಟೆಗೆ 16.7 × (ಪಿ.ಎಸ್.ಐ. ಒತ್ತಡದ ವರ್ಗಮೂಲ) ಕಿ.ಮೀ. ಒತ್ತಡ 33 ಇದ್ದರೆ 96 ಕಿ.ಮೀ., 25ಕ್ಕೆ ಇಳಿದರೆ 83 ಕಿ.ಮೀ. ಕಾರಿನ ಟೈರಿಗೆ ಇದನ್ನು ಸ್ಥೂಲ ಸೂಚನೆಯೆಂದಷ್ಟೇ ತಿಳಿಯಬೇಕು, ಮೃದು ಟೈರು ಇದಕ್ಕಿಂತ ಮೊದಲೇ ತೇಲಬಹುದು. ಅಗಲವಾದ ಟೈರು ಹೆಚ್ಚು ನೀರನ್ನು ಸರಿಸಬೇಕಾಗುವುದರಿಂದ ಅದಕ್ಕೂ ಈ ಅಪಾಯ ಹೆಚ್ಚು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಇದು ಪುಸ್ತಕದ ಮಾತಲ್ಲ.

ಕಾನೂನಿನ ಪ್ರಕಾರ ಕಾರಿನ ಟೈರಿನ ಅಚ್ಚು 1.6 ಮಿ.ಮೀ.ಗಿಂತ ಕಡಿಮೆ ಆಗಬಾರದು. ನನ್ನ ಟೈರಿನಲ್ಲಿ ಅಂದು ಇದ್ದದ್ದು 2 ಮಿ.ಮೀ., ಕಾನೂನಿಗೆ ಸಾಕಷ್ಟು, ಜುಲೈಗೆ ಸಾಲದು. ಈಗ 3 ಮಿ.ಮೀ.ಗೆ ಇಳಿದರೆ ಮೇ ತಿಂಗಳಲ್ಲೇ ಬದಲಾಯಿಸುತ್ತೇನೆ.

ತೇಲದಿದ್ದರೂ ಒದ್ದೆ ರಸ್ತೆಯ ಹಿಡಿತ ಟೈರಿನಿಂದ ಟೈರಿಗೆ ಬಹಳ ಬೇರೆ. ಘರ್ಷಣಾಂಕ 0.7 ಇದ್ದರೆ 80 ಕಿ.ಮೀ. ವೇಗದ ಕಾರು ಬ್ರೇಕು ಹಿಡಿದ ಮೇಲೆ 36 ಮೀಟರಿನಲ್ಲಿ ನಿಲ್ಲುತ್ತದೆ. ಅದು 0.5 ಇದ್ದರೆ 50 ಮೀಟರ್ ಬೇಕು. ನಡುವಿನ 14 ಮೀಟರಿನಲ್ಲಿ ಮೂರು ಕಾರುಗಳು ಸಾಲಾಗಿ ನಿಲ್ಲಬಹುದು.

ಉಮಿಯ ಬೂದಿಯ ಉಪಕಾರ

ಇಲ್ಲೊಂದು ವಿರೋಧಾಭಾಸವಿದೆ. ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದೂ ಹಿಸ್ಟರಿಸಿಸ್ಸೇ. ಜಾರುವ ರಬ್ಬರು ಜಲ್ಲಿಯ ಸಣ್ಣ ಉಬ್ಬುತಗ್ಗುಗಳ ಮೇಲೆ ಬಾಗುತ್ತಾ ಶಕ್ತಿ ಕಳೆದುಕೊಳ್ಳುವುದರಿಂದಲೇ ಕಾರು ನಿಲ್ಲುತ್ತದೆ. ಹಿಸ್ಟರಿಸಿಸ್ ಕಡಿಮೆ ಮಾಡಿದರೆ ಮೈಲೇಜು ಏರುತ್ತದೆ, ಹಿಡಿತ ಇಳಿಯುತ್ತದೆ. ಬಹುಕಾಲ ಟೈರು ತಯಾರಕರು ಈ ಇಕ್ಕಟ್ಟಿನಲ್ಲೇ ಇದ್ದರು.

ಬಿಡುಗಡೆಯ ದಾರಿ ಆವೃತ್ತಿಯಲ್ಲಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಅಂದರೆ ಉರುಳುವಾಗ ರಬ್ಬರು ಬಾಗುವುದು ಸೆಕೆಂಡಿಗೆ ಹತ್ತಾರು ಸಲ. ಜಾರುವಾಗ ಸಣ್ಣ ಉಬ್ಬುತಗ್ಗುಗಳ ಮೇಲೆ ಅದು ಕಂಪಿಸುವುದು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ. ಮೊದಲ ಆವೃತ್ತಿಯಲ್ಲಿ ಕಡಿಮೆ ನಷ್ಟ, ಎರಡನೆಯದರಲ್ಲಿ ಹೆಚ್ಚು ನಷ್ಟ ಆಗುವಂಥ ರಬ್ಬರನ್ನು ಮಾಡಿದರೆ ಎರಡೂ ಲಾಭ ಸಿಗುತ್ತದೆ. ಟೈರಿಗೆ ಕಪ್ಪು ಬಣ್ಣ, ಬಲ ಕೊಡುವ ಇಂಗಾಲದ ಮಸಿಯ ಬಹುಭಾಗವನ್ನು ತೆಗೆದು ಸಿಲಿಕಾ ಹುಡಿಯನ್ನು ಸೇರಿಸಿ, ಅದು ರಬ್ಬರಿಗೆ ಅಂಟಿಕೊಳ್ಳುವಂತೆ ಸಿಲೇನ್ ಎಂಬ ರಾಸಾಯನಿಕದ ಕೊಂಡಿ ಹಾಕಿದಾಗ ಇದು ಸಾಧ್ಯವಾಯಿತು. ಮಿಷಲಿನ್ ಕಂಪೆನಿ 1992ರಲ್ಲಿ ಇಂಥ 'ಹಸಿರು ಟೈರು'ಗಳನ್ನು ಮಾರುಕಟ್ಟೆಗೆ ತಂದಿತು. ಗುಡ್‌ಇಯರ್ ಕಂಪೆನಿ ಈಗ ಭತ್ತದ ಉಮಿಯ ಬೂದಿಯಿಂದ ತೆಗೆದ ಸಿಲಿಕಾವನ್ನೂ ಬಳಸುತ್ತಿದೆ. ಕಾರ್ಕಳದ ಅಕ್ಕಿ ಗಿರಣಿಗಳ ಹಿತ್ತಿಲಿನಲ್ಲಿ ಬೂದಿಯ ರಾಶಿ ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ಯುರೋಪಿನಲ್ಲಿ 2012ರಿಂದ ಟೈರುಗಳ ಮೇಲೆ ಗುಣಪಟ್ಟಿ ಅಂಟಿಸುವುದು ಕಡ್ಡಾಯ. 2021ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಕಾರಿನ ಟೈರುಗಳ ಉರುಳು ರೋಧಾಂಕದ ದರ್ಜೆಗಳು ಹೀಗಿವೆ:

ಎ: 6.5 ಅಥವಾ ಕಡಿಮೆ
ಬಿ: 6.6ರಿಂದ 7.7
ಸಿ: 7.8ರಿಂದ 9.0
ಡಿ: 9.1ರಿಂದ 10.5
ಇ: 10.6 ಅಥವಾ ಹೆಚ್ಚು

ಅದೇ ಪಟ್ಟಿಯಲ್ಲಿ ಒದ್ದೆ ಹಿಡಿತಕ್ಕೂ ಪ್ರತ್ಯೇಕ ದರ್ಜೆಯಿದೆ. ಭಾರತದಲ್ಲಿ ಉರುಳು ರೋಧ, ಒದ್ದೆ ಹಿಡಿತ, ಸದ್ದು ಮೂರಕ್ಕೂ ಮಿತಿ ಹಾಕುವ ಎ.ಐ.ಎಸ್. 142 ಎಂಬ ಮಾನಕವನ್ನು ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರಿನಿಂದ ಕಡ್ಡಾಯಗೊಳಿಸಲಾಯಿತು. ಇದಲ್ಲದೆ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರಪಟ್ಟಿ, ಫ್ರಿಜ್ಜುಗಳಿಗೆ ಇರುವಂಥದ್ದೇ, ಟೈರುಗಳಿಗೂ ಬಂದಿದೆ. ನಕ್ಷತ್ರ ಹೆಚ್ಚಿದ್ದಷ್ಟು ಉರುಳು ರೋಧ ಕಡಿಮೆ.

ನನ್ನ ಸಲಹೆಯ ಕ್ರಮ ಇದು. ಮೊದಲು ಒದ್ದೆ ಹಿಡಿತ ನೋಡಿ, ನಮ್ಮ ಜಿಲ್ಲೆಯಲ್ಲಿ 'ಎ' ಅಥವಾ 'ಬಿ' ದರ್ಜೆಗಿಂತ ಕೆಳಗೆ ಇಳಿಯಬೇಡಿ. ಆ ಗುಂಪಿನಲ್ಲಿ ಉರುಳು ರೋಧ ಕಡಿಮೆ ಇರುವುದನ್ನು ಆರಿಸಿ. ಅಳತೆ ಕಾರು ತಯಾರಕರು ಹೇಳಿದ್ದೇ ಇರಲಿ. ಅಳತೆಯ ಪಕ್ಕದ ಭಾರಸೂಚಿ ಮೂಲ ಟೈರಿನದಕ್ಕಿಂತ ಕಡಿಮೆಯಾಗಬಾರದು. ಅಲ್ಲಿ 96 ಎಂದಿದ್ದರೆ ಒಂದು ಟೈರು 710 ಕಿ.ಗ್ರಾಂ ಹೊರಬಲ್ಲುದು, 91 ಎಂದಿದ್ದರೆ 615 ಮಾತ್ರ.

ಉಳಿತಾಯ ಎಷ್ಟು? ಉರುಳು ರೋಧ ಶೇ. 10 ಇಳಿದರೆ ಮೈಲೇಜು ಶೇ. 1ರಿಂದ 2 ಏರುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 2006ರಲ್ಲಿ ವರದಿ ಮಾಡಿತು. 'ಸಿ' ದರ್ಜೆಯಿಂದ 'ಎ' ದರ್ಜೆಗೆ ಹೋದರೆ ಸುಮಾರು ಶೇ. 4 ಎನ್ನೋಣ. ಲೀಟರಿಗೆ 22 ಕಿ.ಮೀ. ಕೊಡುವ ಕಾರು 45,000 ಕಿ.ಮೀ. ಓಡಲು 2,045 ಲೀಟರು ಬೇಕು. ಉಳಿಯುವುದು ಸುಮಾರು 80 ಲೀಟರು, ಲೀಟರಿಗೆ ನೂರು ರೂಪಾಯಿಯಂತೆ ಎಂಟು ಸಾವಿರ. ಒಳ್ಳೆಯ ಟೈರಿಗೆ ಕೊಡುವ ಹೆಚ್ಚಿನ ಬೆಲೆ ಇದರೊಳಗೆ ಇದ್ದರೆ ವ್ಯಾಪಾರ ನಷ್ಟದ್ದಲ್ಲ. ಹೊಸ ಅಲಾಯ್ ಗಾಲಿಗಳ ಬೆಲೆಯನ್ನು ಇಂಥ ಉಳಿತಾಯದಿಂದ ತೀರಿಸಲಾಗದು.

ಗುಂಡಿಗೆ ಬಿದ್ದು ಗಾಲಿ ಬಿರುಕುಬಿಟ್ಟು ಬದಲಿಸಲೇಬೇಕಾದರೆ? ಆಗ ಮೂಲ ವ್ಯಾಸವನ್ನೇ ಆರಿಸಿ. ಬೋಲ್ಟುಗಳ ವೃತ್ತದ ವ್ಯಾಸ, ನಡುರಂಧ್ರದ ಅಳತೆ, ಗಾಲಿಯ ಒಳಸರಿತ ಈ ಮೂರೂ ಮೂಲದಂತೆಯೇ ಇರಬೇಕು. ಒಳಸರಿತ ಬೇರೆಯಾದರೆ ಗಾಲಿ ಹೊರಕ್ಕೆ ಚಾಚಿ ಬೇರಿಂಗಿನ ಮೇಲೆ ಬೀಳುವ ಬಲಭ್ರಾಮಕ ಹೆಚ್ಚುತ್ತದೆ. ಐ.ಎಸ್.ಐ. ಗುರುತು, ಹೊರಬಲ್ಲ ಭಾರ ಗಾಲಿಯ ಮೇಲೆ ಅಚ್ಚಾಗಿದೆಯೇ ನೋಡಿ. ಕಿಂಡಿಗಳು ಕಡಿಮೆಯಿರುವ ಚಪ್ಪಟೆ ಮುಖದ ಗಾಲಿ ಮೈಲೇಜಿಗೆ ಒಳ್ಳೆಯದು.

ಎಲ್ಲಕ್ಕಿಂತ ಅಗ್ಗದ ಉಪಾಯ ಗಾಳಿಯ ಒತ್ತಡ. 33 ಪಿ.ಎಸ್.ಐ. ಇರಬೇಕಾದಲ್ಲಿ 26 ಇದ್ದರೆ ಉರುಳು ರೋಧ ಸುಮಾರು ಹತ್ತನೆಯ ಒಂದು ಭಾಗ ಹೆಚ್ಚುತ್ತದೆ, ಜಲತೇಲುವಿಕೆಯೂ ಬೇಗ ಬರುತ್ತದೆ. ಒತ್ತಡವನ್ನು ಬೆಳಗ್ಗೆ, ಟೈರು ತಣ್ಣಗಿದ್ದಾಗ ನೋಡಬೇಕು. ಟೈರು 10 ಡಿಗ್ರಿ ಬಿಸಿಯಾದರೆ ಅನಿಲ ನಿಯಮದಂತೆ ಒತ್ತಡ ಸುಮಾರು 1.6 ಪಿ.ಎಸ್.ಐ. ಏರಿರುತ್ತದೆ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಇದಕ್ಕೆ ಕಾರು ಬೇಡ, ಸೈಕಲ್ ಸಾಕು. ವಾಹನಗಳು ಓಡಾಡದ ಶಾಲೆಯ ಆವರಣದಲ್ಲಿ ಸುಮಾರು 30 ಸೆಂ.ಮೀ. ಎತ್ತರದಿಂದ ಇಳಿದು ಸಮತಟ್ಟಾದ ನೆಲಕ್ಕೆ ಸೇರುವ ಗಟ್ಟಿ ದಾರಿಯನ್ನು ಹುಡುಕಿ. ಮೇಲಿನ ಗುರುತಿನಿಂದ ಪೆಡಲು ತುಳಿಯದೆ ಸೈಕಲನ್ನು ಇಳಿಯಬಿಟ್ಟು, ಅದು ನಿಲ್ಲುವವರೆಗಿನ ಒಟ್ಟು ದೂರ ಅಳೆಯಿರಿ. ಸ್ಥಾನಶಕ್ತಿಯೆಲ್ಲ ಉರುಳು ರೋಧಕ್ಕೆ ಹೋಯಿತೆಂದುಕೊಂಡರೆ ರೋಧಾಂಕ = ಎತ್ತರ ÷ ದೂರ. ಸವಾರನ ತೂಕ ಸಮೀಕರಣದಿಂದ ತಾನಾಗಿ ಬಿಟ್ಟುಹೋಗುವುದನ್ನು ಗಮನಿಸಿ. 40 ಮೀಟರ್ ಹೋದರೆ ರೋಧಾಂಕ 0.0075, ಅಂದರೆ ಟನ್ನಿಗೆ 7.5 ಕಿ.ಗ್ರಾಂ. ಈಗ ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯಿರಿ. ವೇಗ ಕಡಿಮೆ ಇರುವುದರಿಂದ ಗಾಳಿಯ ರೋಧದ ದೋಷ ಸಣ್ಣದು. ಗಾಳಿ ಬೀಸದ ಹೊತ್ತಿನಲ್ಲಿ ಮಾಡಿ, ಪ್ರತಿ ಅಳತೆಯನ್ನು ಐದು ಸಲ ತೆಗೆದು ಸರಾಸರಿ ಹಿಡಿಯಿರಿ.

ಕಾರ್ಕಳದ ಮಿತ್ರರು ಕೊನೆಗೆ ಹಳೆಯ ಗಾಲಿಗಳನ್ನೇ ಉಳಿಸಿಕೊಂಡು ಅದೇ ಅಳತೆಯ ಒಳ್ಳೆಯ ಟೈರು ಹಾಕಿಸಿದರು. ಎರಡು ವಾರದ ಬಳಿಕ ಮತ್ತೆ ಕರೆ: "ಸರ್, ಮೈಲೇಜು ಮೊದಲಿಗಿಂತ ಅರ್ಧ ಕಿಲೋಮೀಟರ್ ಕಡಿಮೆಯಾಗಿದೆ!" ಹೊಸ ಟೈರನ್ನು ಸವೆದ ಟೈರಿನೊಂದಿಗೆ ಹೋಲಿಸಿದರೆ ಹಾಗೇ ಕಾಣುವುದು, ಮೂರು ವರ್ಷದ ಹಿಂದಿನ ಪುಸ್ತಕ ತೆಗೆದು ಹೊಸತರಲ್ಲಿ ಎಷ್ಟಿತ್ತು ನೋಡಿ ಎಂದೆ. ಅವರು ಪೆಟ್ರೋಲಿನ ಲೆಕ್ಕ ಬರೆದಿಡುವ ಮನುಷ್ಯ. ಹುಡುಕಿ ನೋಡಿದರು. ಅಂದಿನದಕ್ಕಿಂತ ಈಗಿನದು ತುಸು ಮೇಲಿತ್ತು.

ಆ ಜುಲೈ ತಿಂಗಳ ಮಳೆಯಲ್ಲಿ ಅವರ ಪತ್ನಿ ಎಂದಿನಂತೆ ಕಾಪುವಿಗೆ ಹೋಗಿ ಬಂದರು. ಮಿತ್ರರು ಈಗ ತಿಂಗಳಿಗೊಮ್ಮೆ ಬೆಳಗ್ಗೆ ಟೈರುಗಳ ಒತ್ತಡ ನೋಡುತ್ತಾರೆ. ಸೈಕಲ್ ಪ್ರಯೋಗವನ್ನು ಈ ವರ್ಷ ತರಗತಿಯಲ್ಲಿ ಮಾಡಿಸುವರಂತೆ.